ಶಿಶುಗಳ ಐಚ್ಛಿಕ ಲಸಿಕೆಗಳು

ಐಚ್ಛಿಕ ಲಸಿಕೆಗಳು ಎಂದರೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಪಟ್ಟಿಯಲ್ಲಿ ಸೇರದೆ, ಶಿಶುವೈದ್ಯರ ಸಲಹೆಯ ಮೇರೆಗೆ ತಂದೆತಾಯಿಯರು ತಮ್ಮ ಖರ್ಚಿನಲ್ಲಿ ಮಗುವಿಗೆ ಹಾಕಿಸುವ ಲಸಿಕೆಗಳು. ಕರ್ನಾಟಕದಲ್ಲಿ ಟೈಫಾಯ್ಡ್, ಹೆಪಟೈಟಿಸ್ ಎ, ಸೀತಾಳ ಸಿಡುಬು, ಮಂಗನಬಾವು ಮತ್ತು ಇನ್‌ಫ್ಲುಯೆಂಜಾ ರೋಗಗಳ ಲಸಿಕೆಗಳು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತವೆ. ಕ್ಷಯ, ಪೋಲಿಯೊ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರ ಮೊದಲಾದ ರೋಗಗಳ ಲಸಿಕೆಗಳು ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಅಂಗನವಾಡಿಗಳಲ್ಲಿ ಉಚಿತವಾಗಿ ದೊರೆಯುತ್ತವೆ.

'ಐಚ್ಛಿಕ' ಎಂಬ ಮಾತು ಲಸಿಕೆಯ ಗುಣವನ್ನಾಗಲಿ ರೋಗದ ತೀವ್ರತೆಯನ್ನಾಗಲಿ ಸೂಚಿಸುವುದಿಲ್ಲ. ಅದು ಒಂದು ಕಾಲದಲ್ಲಿ ಸರ್ಕಾರದ ಪಟ್ಟಿ ಎಲ್ಲಿಗೆ ನಿಂತಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಇಂದು ಉಚಿತವಾಗಿ ದೊರೆಯುವ ಹೆಪಟೈಟಿಸ್ ಬಿ, ಹಿಬ್, ರೋಟಾವೈರಸ್ ಮತ್ತು ನ್ಯುಮೋಕಾಕಲ್ ಲಸಿಕೆಗಳು ಹಿಂದೆ ಹಣ ತೆರಬಲ್ಲವರ ಮಕ್ಕಳಿಗಷ್ಟೇ ಸಿಗುತ್ತಿದ್ದವು.

ಪದದ ಬಳಕೆ

ಭಾರತದಲ್ಲಿ ಯಾವ ಲಸಿಕೆಯನ್ನು ಉಚಿತ ಪಟ್ಟಿಗೆ ಸೇರಿಸಬೇಕೆಂಬ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸಲಹೆ ನೀಡುವ ಸಮಿತಿಯು ರಾಷ್ಟ್ರೀಯ ಲಸಿಕಾ ತಾಂತ್ರಿಕ ಸಲಹಾ ತಂಡ. ಇದು 2001ರಲ್ಲಿ ರಚನೆಯಾಯಿತು. ಇದಲ್ಲದೆ, 1963ರಲ್ಲಿ ಸ್ಥಾಪನೆಯಾದ ಭಾರತೀಯ ಶಿಶುವೈದ್ಯರ ಅಕಾಡೆಮಿಯು ತನ್ನದೇ ಆದ ವೇಳಾಪಟ್ಟಿಯನ್ನು ಕಾಲಕಾಲಕ್ಕೆ ಪ್ರಕಟಿಸುತ್ತದೆ. ಖಾಸಗಿ ಚಿಕಿತ್ಸಾಲಯಗಳ ವೈದ್ಯರು ಹೆಚ್ಚಾಗಿ ಅಕಾಡೆಮಿಯ ಪಟ್ಟಿಯನ್ನು ಅನುಸರಿಸುತ್ತಾರೆ.

ಈ ಎರಡು ಪಟ್ಟಿಗಳ ಉದ್ದೇಶ ಬೇರೆ ಬೇರೆ. ಸರ್ಕಾರವು ಇಡೀ ದೇಶದ ಮಕ್ಕಳನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ರೋಗದ ಹರಡುವಿಕೆ, ಲಸಿಕೆಯ ಬೆಲೆ, ಕೋಟ್ಯಂತರ ಡೋಸುಗಳ ಪೂರೈಕೆ, ಹಳ್ಳಿಯವರೆಗೂ ಶೀತದಲ್ಲಿಟ್ಟು ಸಾಗಿಸುವ ಅನುಕೂಲ ಇವೆಲ್ಲ ಅದರ ಲೆಕ್ಕದಲ್ಲಿರುತ್ತವೆ. ಅಕಾಡೆಮಿಯು ತನ್ನ ಮುಂದೆ ಬಂದು ಕುಳಿತ ಒಂದು ಮಗುವಿಗೆ ಯಾವುದು ಒಳಿತೆಂಬುದನ್ನು ಮುಖ್ಯವಾಗಿ ನೋಡುತ್ತದೆ. ಆದ್ದರಿಂದ ಎರಡನೆಯ ಪಟ್ಟಿ ಸಹಜವಾಗಿಯೇ ಉದ್ದವಾಗಿರುತ್ತದೆ. ಎರಡರ ನಡುವಿನ ಅಂತರದಲ್ಲಿ ಬರುವ ಲಸಿಕೆಗಳೇ ರೂಢಿಯಲ್ಲಿ 'ಐಚ್ಛಿಕ' ಎನಿಸಿಕೊಂಡಿವೆ.

2007ರ ಸುಮಾರಿಗೆ ಅಕಾಡೆಮಿಯು 'ತಂದೆತಾಯಿಯರೊಡನೆ ಮುಖಾಮುಖಿ ಚರ್ಚಿಸಿದ ಬಳಿಕ ಕೊಡಬೇಕಾದ ಲಸಿಕೆಗಳು' ಎಂಬ ಪ್ರತ್ಯೇಕ ವರ್ಗವನ್ನು ಇಟ್ಟುಕೊಂಡಿತ್ತು. ಸೀತಾಳ ಸಿಡುಬು, ಹೆಪಟೈಟಿಸ್ ಎ, ರೋಟಾವೈರಸ್ ಮತ್ತು ನ್ಯುಮೋಕಾಕಲ್ ಲಸಿಕೆಗಳು ಆ ವರ್ಗದಲ್ಲಿದ್ದವು. ಇವುಗಳಲ್ಲಿ ಕೊನೆಯ ಎರಡು ಈಗ ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಗಿವೆ.

ಇತಿಹಾಸ

ಮೈಸೂರು ಸಂಸ್ಥಾನದಲ್ಲಿ ಸಿಡುಬಿನ ಲಸಿಕೆ

ಲಸಿಕೆಯನ್ನು ಹಾಕಿಸಬೇಕೇ ಬೇಡವೇ ಎಂಬ ಪ್ರಶ್ನೆ ಕನ್ನಡ ನಾಡಿಗೆ ಎರಡು ಶತಮಾನಗಳಷ್ಟು ಹಳೆಯದು. ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಸಿಡುಬಿನ ಲಸಿಕೆಯು 1802ರಲ್ಲಿ ಮುಂಬಯಿಯನ್ನು ತಲುಪಿತು. ಅದೇ ವರ್ಷದ ಜೂನ್ 14ರಂದು ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದನ್ನು ಹಾಕಲಾಯಿತು. ಭಾರತದಲ್ಲಿ ಲಸಿಕೆ ಪಡೆದ ಮೊದಲ ವ್ಯಕ್ತಿ ಈ ಮಗು. ಶೀತಕ ಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ಲಸಿಕೆಯನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಊರಿಂದೂರಿಗೆ ಒಯ್ಯಬೇಕಾಗಿತ್ತು. ಇದು ಜಾತಿ ಮತ್ತು ಮಡಿಯ ಭಾವನೆಗಳಿಗೆ ನೇರವಾಗಿ ತಗುಲುವ ಕ್ರಮವಾದ್ದರಿಂದ ಜನರು ಹಿಂಜರಿದರು. ಸಿಡುಬನ್ನು 'ಅಮ್ಮ' ಎಂದೇ ಕರೆದು, ಬೇವಿನ ಸೊಪ್ಪಿನೊಡನೆ ಮಾರಮ್ಮನನ್ನು ಆರಾಧಿಸುತ್ತಿದ್ದ ಸಮಾಜದಲ್ಲಿ ಅದನ್ನು ತಡೆಯುವ ಯತ್ನವೇ ದೇವಿಯನ್ನು ಕೆಣಕಿದಂತೆ ಎಂಬ ಭಯವೂ ಇತ್ತು.

ಸುಮಾರು 1805ರಲ್ಲಿ ಐರಿಷ್ ಕಲಾವಿದ ಥಾಮಸ್ ಹಿಕಿ ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದನು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯದಂತೆ, ಚಿತ್ರದ ಬಲಬದಿಯಲ್ಲಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಆಕೆ ಸೀರೆಯನ್ನು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ, ಪ್ರಜೆಗಳಲ್ಲಿ ಲಸಿಕೆಯ ಬಗ್ಗೆ ಧೈರ್ಯ ತುಂಬುವುದು ಚಿತ್ರದ ಉದ್ದೇಶಗಳಲ್ಲೊಂದು ಎಂದು ಅವರು ವಾದಿಸಿದ್ದಾರೆ. ಸಿಡುಬು ಜಗತ್ತಿನಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಘೋಷಿಸಿತು.

ರಾಷ್ಟ್ರೀಯ ಕಾರ್ಯಕ್ರಮ

ಭಾರತ ಸರ್ಕಾರವು 1978ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿ, 1985ರಲ್ಲಿ ಅದನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ರೂಪಿಸಿತು. ಆಗ ಅದರಲ್ಲಿ ಕ್ಷಯ, ಪೋಲಿಯೊ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮತ್ತು ದಡಾರ ಎಂಬ ಆರು ರೋಗಗಳ ಲಸಿಕೆಗಳಿದ್ದವು. ದೇಶದ ಕೊನೆಯ ಪೋಲಿಯೊ ಪ್ರಕರಣವು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂದಿತು. 2014ರ ಮಾರ್ಚ್ 27ರಂದು ಭಾರತವು ಪೋಲಿಯೊಮುಕ್ತವೆಂದು ಪ್ರಮಾಣೀಕೃತವಾಯಿತು.

ಐಚ್ಛಿಕದಿಂದ ಸಾರ್ವತ್ರಿಕಕ್ಕೆ

ಹೆಪಟೈಟಿಸ್ ಬಿ: ಯಕೃತ್ತಿಗೆ ತಗುಲಿ ದೀರ್ಘಕಾಲ ಉಳಿಯುವ ಈ ಸೋಂಕಿನ ಲಸಿಕೆಯು 1990ರ ದಶಕದಲ್ಲಿ ವಿದೇಶದಿಂದ ಬರುತ್ತಿದ್ದು, ಸಾಮಾನ್ಯ ಕುಟುಂಬಗಳಿಗೆ ಎಟುಕದಷ್ಟು ದುಬಾರಿಯಾಗಿತ್ತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು 1997ರಲ್ಲಿ ದೇಶೀಯ ಲಸಿಕೆಯನ್ನು ಹೊರತಂದ ಬಳಿಕ ಬೆಲೆ ಇಳಿಯಿತು. 2007-08ರಲ್ಲಿ ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ, 2011ರಲ್ಲಿ ಇಡೀ ದೇಶಕ್ಕೆ ಇದು ಉಚಿತ ಲಸಿಕೆಯಾಯಿತು.

ಹಿಬ್: ಶಿಶುಗಳಲ್ಲಿ ಮಿದುಳುಪೊರೆಯ ಉರಿಯೂತ ಮತ್ತು ನ್ಯುಮೋನಿಯಾ ಉಂಟುಮಾಡುವ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ. ಐದು ರೋಗಗಳನ್ನು ಒಂದೇ ಚುಚ್ಚುಮದ್ದಿನಲ್ಲಿ ತಡೆಯುವ ಪೆಂಟಾವಲೆಂಟ್ ಲಸಿಕೆಯ ಭಾಗವಾಗಿ ಇದು 2011ರ ಡಿಸೆಂಬರ್‌ನಲ್ಲಿ ಕೇರಳ ಮತ್ತು ತಮಿಳುನಾಡಿಗೂ, 2013ರ ವೇಳೆಗೆ ಕರ್ನಾಟಕಕ್ಕೂ ಬಂದಿತು.

ರೋಟಾವೈರಸ್: ಶಿಶುಗಳ ತೀವ್ರ ವಾಂತಿಭೇದಿಗೆ ಕಾರಣವಾಗುವ ವೈರಸ್ಸಿನ ಲಸಿಕೆ. ಭಾರತದ ಲಸಿಕೆಗಾಗಿ ಪರೀಕ್ಷಿಸಿದ ಎರಡು ವೈರಸ್ ತಳಿಗಳಲ್ಲಿ ಒಂದು ದೆಹಲಿಯಲ್ಲಿಯೂ ಮತ್ತೊಂದು ಬೆಂಗಳೂರಿನಲ್ಲಿಯೂ ನವಜಾತ ಶಿಶುಗಳಿಂದ ದೊರೆತವು. ದೆಹಲಿಯ ತಳಿಯಿಂದ ರೋಟಾವ್ಯಾಕ್ ಲಸಿಕೆ ಸಿದ್ಧವಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಉಚಿತ ರೋಟಾವೈರಸ್ ಲಸಿಕೆ ಆರಂಭವಾಗಿ, 2019ರಲ್ಲಿ ಕರ್ನಾಟಕವನ್ನು ತಲುಪಿತು.

ನ್ಯುಮೋಕಾಕಲ್: 2017ರಲ್ಲಿ ಹಿಮಾಚಲ ಪ್ರದೇಶ ಹಾಗೂ ಉತ್ತರ ಪ್ರದೇಶ, ಬಿಹಾರಗಳ ಕೆಲವು ಭಾಗಗಳಲ್ಲಿ ಮೊದಲಾದ ಈ ಲಸಿಕೆಯನ್ನು 2021ರಲ್ಲಿ ದೇಶದಾದ್ಯಂತ ವಿಸ್ತರಿಸಲಾಯಿತು. ಅದಕ್ಕೆ ಮುನ್ನ ಅನೇಕ ಕುಟುಂಬಗಳಿಗೆ ಶಿಶುವಿನ ಮೊದಲ ವರ್ಷದ ಅತಿ ದೊಡ್ಡ ಲಸಿಕೆ ಖರ್ಚು ಇದೇ ಆಗಿತ್ತು.

ರುಬೆಲ್ಲಾ: ದಡಾರ-ರುಬೆಲ್ಲಾ ಸಂಯುಕ್ತ ಲಸಿಕೆಯ ರಾಷ್ಟ್ರೀಯ ಅಭಿಯಾನವು 2017ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಿತು. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಹಾಕಲಾಯಿತು.

ಉಚಿತ ಲಸಿಕೆಗಳ ವೇಳಾಪಟ್ಟಿ

ಐಚ್ಛಿಕ ಲಸಿಕೆಯ ನಿರ್ಧಾರಕ್ಕೆ ಮೊದಲು ಮಗುವಿಗೆ ಉಚಿತವಾಗಿ ಏನೆಲ್ಲ ದೊರೆಯುತ್ತದೆಂಬುದನ್ನು ತಿಳಿದಿರುವುದು ಅಗತ್ಯ. ಕರ್ನಾಟಕದಲ್ಲಿ ಸದ್ಯದ ಕ್ರಮ ಹೀಗಿದೆ:

ಹುಟ್ಟಿದಾಗ – ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ.
6ನೇ ವಾರ – ಪೋಲಿಯೊ ಹನಿ, ಪೋಲಿಯೊ ಚುಚ್ಚುಮದ್ದು, ಪೆಂಟಾವಲೆಂಟ್, ರೋಟಾವೈರಸ್, ನ್ಯುಮೋಕಾಕಲ್.
10ನೇ ವಾರ – ಪೋಲಿಯೊ ಹನಿ, ಪೆಂಟಾವಲೆಂಟ್, ರೋಟಾವೈರಸ್.
14ನೇ ವಾರ – ಪೋಲಿಯೊ ಹನಿ, ಪೋಲಿಯೊ ಚುಚ್ಚುಮದ್ದು, ಪೆಂಟಾವಲೆಂಟ್, ರೋಟಾವೈರಸ್, ನ್ಯುಮೋಕಾಕಲ್.
9ರಿಂದ 12 ತಿಂಗಳು – ದಡಾರ-ರುಬೆಲ್ಲಾ, ನ್ಯುಮೋಕಾಕಲ್ ಬೂಸ್ಟರ್, ಪೋಲಿಯೊ ಚುಚ್ಚುಮದ್ದು, ಜಪಾನೀಸ್ ಎನ್ಸೆಫಲೈಟಿಸ್, ವಿಟಮಿನ್ ಎ.
16ರಿಂದ 24 ತಿಂಗಳು – ದಡಾರ-ರುಬೆಲ್ಲಾ, ಡಿಪಿಟಿ ಬೂಸ್ಟರ್, ಪೋಲಿಯೊ ಹನಿ, ಜಪಾನೀಸ್ ಎನ್ಸೆಫಲೈಟಿಸ್.
5ರಿಂದ 6 ವರ್ಷ – ಡಿಪಿಟಿ ಎರಡನೇ ಬೂಸ್ಟರ್.

ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳುಜ್ವರದ ಲಸಿಕೆಯು ಮೊದಲು ರಾಜ್ಯದ ಆಯ್ದ ಜಿಲ್ಲೆಗಳಲ್ಲಿ ಮಾತ್ರ ಇತ್ತು. 2022ರ ಡಿಸೆಂಬರ್‌ನಲ್ಲಿ ವಿಶೇಷ ಅಭಿಯಾನದ ಮೂಲಕ ಇತರ ಜಿಲ್ಲೆಗಳಿಗೂ ಅದನ್ನು ವಿಸ್ತರಿಸಲಾಯಿತು.

ಭಾರತದಲ್ಲಿ ಉಚಿತ ಲಸಿಕೆಗಳನ್ನು ಹಾಕಿಸುವಂತೆ ತಂದೆತಾಯಿಯರನ್ನು ಬಲವಂತಪಡಿಸುವ ಪದ್ಧತಿಯಿಲ್ಲ. ಆ ದೃಷ್ಟಿಯಿಂದ ಎಲ್ಲ ಲಸಿಕೆಗಳೂ ಪೋಷಕರ ಒಪ್ಪಿಗೆಯನ್ನು ಅವಲಂಬಿಸಿವೆ. ಆದರೂ ಮೇಲಿನ ಪಟ್ಟಿಯಲ್ಲಿರುವುದು ಪ್ರತಿಯೊಂದು ಮಗುವಿಗೂ ಅಗತ್ಯವೆಂದು ಸರ್ಕಾರ ಮತ್ತು ಶಿಶುವೈದ್ಯರ ಅಕಾಡೆಮಿ ಎರಡೂ ಒಪ್ಪಿರುವ ಕನಿಷ್ಠ ರಕ್ಷಣೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 12ರಿಂದ 23 ತಿಂಗಳ ಮಕ್ಕಳಲ್ಲಿ ಮೂಲ ಲಸಿಕೆಗಳೆಲ್ಲವನ್ನೂ ಪಡೆದವರ ಪ್ರಮಾಣವು ಕರ್ನಾಟಕದಲ್ಲಿ 2015-16ರಲ್ಲಿ ಶೇ. 63ರಷ್ಟಿದ್ದು, 2019-21ರ ಸಮೀಕ್ಷೆಯಲ್ಲಿ ಸುಮಾರು ಶೇ. 84ಕ್ಕೆ ಏರಿತು. ಅಂದರೆ ಆರು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಉಚಿತ ಲಸಿಕೆಗಳೇ ಪೂರ್ಣವಾಗಿ ದೊರೆತಿರಲಿಲ್ಲ.

ಮುಖ್ಯ ಐಚ್ಛಿಕ ಲಸಿಕೆಗಳು

ಟೈಫಾಯ್ಡ್

ವಿಷಮಶೀತಜ್ವರ ಎಂದೂ ಕರೆಯಲಾಗುವ ಈ ರೋಗವು ಕಲುಷಿತ ನೀರು ಮತ್ತು ಆಹಾರದಿಂದ ಬರುತ್ತದೆ. ಹಳೆಯ ಟೈಫಾಯ್ಡ್ ಲಸಿಕೆಯು ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಕಷ್ಟು ರಕ್ಷಣೆ ನೀಡುತ್ತಿರಲಿಲ್ಲ. ಪ್ರೋಟೀನಿನೊಡನೆ ಜೋಡಿಸಿದ ಹೊಸ ಸಂಯುಗ್ಮ ಲಸಿಕೆಯನ್ನು 6 ತಿಂಗಳು ತುಂಬಿದ ಶಿಶುವಿಗೂ ಒಂದೇ ಡೋಸಾಗಿ ಕೊಡಬಹುದು. ರೋಗ ನೆಲೆಯೂರಿರುವ ದೇಶಗಳಲ್ಲಿ ಇದನ್ನು ಬಳಸುವಂತೆ ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸಲಹೆ ನೀಡಿತು. ಅದೇ ವರ್ಷ ನವಿ ಮುಂಬಯಿ ಮಹಾನಗರಪಾಲಿಕೆಯು ತನ್ನ ವ್ಯಾಪ್ತಿಯ ಮಕ್ಕಳಿಗೆ ಉಚಿತವಾಗಿ ಕೊಡಲು ಆರಂಭಿಸಿತು. ಟೈಫಾಯ್ಡ್ ಬ್ಯಾಕ್ಟೀರಿಯಾವು ಹಲವು ಪ್ರತಿಜೀವಕಗಳಿಗೆ ಮಣಿಯದಂತಾಗುತ್ತಿರುವುದು ಈ ಲಸಿಕೆಯ ಮಹತ್ವವನ್ನು ಹೆಚ್ಚಿಸಿದೆ.

ಹೆಪಟೈಟಿಸ್ ಎ

ಇದು ನೀರು ಮತ್ತು ಆಹಾರದಿಂದ ಹರಡುವ ಕಾಮಾಲೆಯ ಒಂದು ಬಗೆ. ಎಳೆಯ ಮಕ್ಕಳಲ್ಲಿ ಸೋಂಕು ಬಹುತೇಕ ಲಕ್ಷಣಗಳೇ ಇಲ್ಲದೆ ಕಳೆದುಹೋಗಿ, ಜೀವನಪರ್ಯಂತ ಪ್ರತಿರೋಧಶಕ್ತಿಯನ್ನು ಉಳಿಸುತ್ತದೆ. ದೊಡ್ಡವರಲ್ಲಿ ಅದೇ ಸೋಂಕು ತೀವ್ರವಾಗಬಹುದು. ಆದ್ದರಿಂದ ಶುದ್ಧ ನೀರಿನ ಮನೆಯಲ್ಲಿ ಬೆಳೆದ ಮಗುವೇ ಮುಂದೆ ವಿದ್ಯಾರ್ಥಿನಿಲಯ ಅಥವಾ ಹೋಟೆಲಿನ ನೀರಿನಿಂದ ಹೆಚ್ಚು ಅಪಾಯಕ್ಕೆ ಒಳಗಾಗುವ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಲಸಿಕೆಯನ್ನು ಒಂದು ವರ್ಷ ತುಂಬಿದ ನಂತರ ಕೊಡಲಾಗುತ್ತದೆ. ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆಯಾದರೆ ಒಂದು ಡೋಸು, ನಿಷ್ಕ್ರಿಯ ಲಸಿಕೆಯಾದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸುಗಳು ಬೇಕು.

ಸೀತಾಳ ಸಿಡುಬು

ಹೆಚ್ಚಿನ ಮಕ್ಕಳಲ್ಲಿ ಸೌಮ್ಯವಾಗಿ ಮುಗಿಯುವ ರೋಗ. ನವಜಾತ ಶಿಶುಗಳು, ಗರ್ಭಿಣಿಯರು, ವಯಸ್ಕರು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಗಂಭೀರವಾಗುವ ಸಂಭವ ಹೆಚ್ಚು. ಮೊದಲ ಡೋಸನ್ನು 15ನೇ ತಿಂಗಳಿನ ಸುಮಾರಿಗೆ, ಎರಡನೆಯದನ್ನು ಅದಾದ ಮೂರರಿಂದ ಆರು ತಿಂಗಳಲ್ಲಿ ಕೊಡುವಂತೆ ಅಕಾಡೆಮಿ ಸೂಚಿಸುತ್ತದೆ.

ಮಂಗನಬಾವು

ಸರ್ಕಾರಿ ಲಸಿಕೆಯಲ್ಲಿ ದಡಾರ ಮತ್ತು ರುಬೆಲ್ಲಾ ಮಾತ್ರ ಇವೆ. ಖಾಸಗಿಯಾಗಿ ದೊರೆಯುವ ಎಂಎಂಆರ್ ಲಸಿಕೆಯಲ್ಲಿ ಇವೆರಡರ ಜೊತೆಗೆ ಮಂಗನಬಾವಿನ ಅಂಶವೂ ಇರುತ್ತದೆ. ಕೆನ್ನೆಯ ಗ್ರಂಥಿಗಳು ಊದಿಕೊಳ್ಳುವ ಈ ರೋಗವು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಮಿದುಳುಪೊರೆಯ ಉರಿಯೂತ, ಕಿವುಡುತನ, ಪ್ರಾಯಕ್ಕೆ ಬಂದ ಹುಡುಗರಲ್ಲಿ ವೃಷಣಗಳ ಉರಿಯೂತ ಉಂಟಾಗಬಹುದು. ಎಂಎಂಆರ್ ಪಡೆದ ಮಗುವಿಗೆ ದಡಾರ ಮತ್ತು ರುಬೆಲ್ಲಾಗಳ ರಕ್ಷಣೆಯೂ ಅದರಿಂದಲೇ ದೊರೆಯುವುದರಿಂದ, ಅದನ್ನು ಕಾರ್ಡಿನಲ್ಲಿ ಸ್ಪಷ್ಟವಾಗಿ ನಮೂದಿಸಬೇಕಾಗುತ್ತದೆ.

ಇನ್‌ಫ್ಲುಯೆಂಜಾ

6 ತಿಂಗಳ ನಂತರ ಮೊದಲ ವರ್ಷ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸುಗಳು, ಆಮೇಲೆ ವರ್ಷಕ್ಕೊಂದು ಡೋಸು ಇದರ ಕ್ರಮ. ವೈರಸ್ ಬದಲಾಗುತ್ತಿರುವುದರಿಂದ ಲಸಿಕೆಯೂ ಬದಲಾಗುತ್ತದೆ. ದಕ್ಷಿಣ ಭಾರತದಲ್ಲಿ ಮಳೆಗಾಲದಲ್ಲಿ ಸೋಂಕು ಹೆಚ್ಚುವುದರಿಂದ ಮುಂಗಾರಿಗೆ ಮುನ್ನ ಹಾಕಿಸುವುದು ಒಳ್ಳೆಯದು. ಉಬ್ಬಸ, ಹೃದ್ರೋಗ ಮೊದಲಾದ ದೀರ್ಘಕಾಲದ ತೊಂದರೆಯಿರುವ ಮಕ್ಕಳಿಗೆ ಇದರ ಪ್ರಯೋಜನ ಹೆಚ್ಚು.

ವಿಶೇಷ ಸಂದರ್ಭಗಳ ಲಸಿಕೆಗಳು

ಗುಲ್ಮವಿಲ್ಲದ ಅಥವಾ ಪ್ರತಿರೋಧಶಕ್ತಿಯಲ್ಲಿ ಕೊರತೆಯುಳ್ಳ ಮಕ್ಕಳಿಗೆ ಮತ್ತು ಹಜ್ ಯಾತ್ರೆಗೆ ಹೋಗುವವರಿಗೆ ಮೆನಿಂಗೊಕಾಕಲ್ ಲಸಿಕೆಯನ್ನು ಸೂಚಿಸಲಾಗುತ್ತದೆ. ನಾಯಿ ಕಡಿಯುವ ಮೊದಲೇ ಮುನ್ನೆಚ್ಚರಿಕೆಯಾಗಿ ಪಡೆಯುವ ರೇಬೀಸ್ ಲಸಿಕೆಯೂ ಈ ವರ್ಗಕ್ಕೆ ಸೇರಿದೆ. ನಾಯಿ ಕಚ್ಚಿದ ಅಥವಾ ಪರಚಿದ ನಂತರ ಕೊಡುವ ರೇಬೀಸ್ ಲಸಿಕೆ ಮಾತ್ರ ಯಾವ ಅರ್ಥದಲ್ಲಿಯೂ ಐಚ್ಛಿಕವಲ್ಲ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಅದು ಬಹುತೇಕ ಮಾರಕವಾದುದರಿಂದ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗುವುದು ಅನಿವಾರ್ಯ.

ನಿರ್ಧಾರದಲ್ಲಿ ಗಮನಿಸುವ ಅಂಶಗಳು

ಐಚ್ಛಿಕ ಲಸಿಕೆಯ ಬಗ್ಗೆ ನಿರ್ಧರಿಸುವಾಗ ಸಾಮಾನ್ಯವಾಗಿ ನಾಲ್ಕು ಅಂಶಗಳನ್ನು ತೂಗಿ ನೋಡಲಾಗುತ್ತದೆ.

ಮೊದಲನೆಯದು, ರೋಗವು ಆ ವಯಸ್ಸಿನಲ್ಲಿ ಎಷ್ಟು ಅಪಾಯಕಾರಿ ಎಂಬುದು. ಮೊದಲ ಆರು ತಿಂಗಳಲ್ಲಿ ಶಿಶುವಿನ ಜೀವಕ್ಕೆ ಎರವಾಗುವ ನಾಯಿಕೆಮ್ಮು, ನ್ಯುಮೋನಿಯಾ, ವಾಂತಿಭೇದಿಗಳ ಮುಖ್ಯ ಲಸಿಕೆಗಳು ಈಗ ಉಚಿತ ಪಟ್ಟಿಯಲ್ಲಿಯೇ ಇವೆ. ಹೆಪಟೈಟಿಸ್ ಎ, ಸೀತಾಳ ಸಿಡುಬಿನ ಲಸಿಕೆಗಳನ್ನು ಕೊಡುವುದೇ ಒಂದು ವರ್ಷದ ನಂತರ. ಆದ್ದರಿಂದ ಹಣ ಹೊಂದಿಸಿಕೊಳ್ಳಲು ಕುಟುಂಬಕ್ಕೆ ಸಮಯವಿರುತ್ತದೆ.

ಎರಡನೆಯದು, ಮಗು ರೋಗಕ್ಕೆ ಒಡ್ಡಿಕೊಳ್ಳುವ ಸಾಧ್ಯತೆ. ಕುಡಿಯುವ ನೀರಿನ ಮೂಲ, ಮನೆಯಲ್ಲಿ ಶಾಲೆಗೆ ಹೋಗುವ ಇತರ ಮಕ್ಕಳಿರುವುದು, ಶಿಶುವಿಹಾರಕ್ಕೆ ಕಳುಹಿಸುವುದು ಮತ್ತು ಪ್ರಯಾಣ ಇಲ್ಲಿ ಮುಖ್ಯ.

ಮೂರನೆಯದು, ಮಗುವಿನ ಹಾಗೂ ಮನೆಯವರ ಆರೋಗ್ಯಸ್ಥಿತಿ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರಿದ್ದರೆ, ಮಗುವಿಗೆ ಹೃದಯ ಅಥವಾ ಶ್ವಾಸಕೋಶದ ತೊಂದರೆಯಿದ್ದರೆ ನಿರ್ಧಾರ ಬದಲಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಬಹುತೇಕ ಎಲ್ಲ ಲಸಿಕೆಗಳನ್ನೂ ಹುಟ್ಟಿದ ದಿನಾಂಕದಿಂದ ಎಣಿಸಿದ ವಯಸ್ಸಿಗೆ ಅನುಗುಣವಾಗಿ ಕೊಡಲಾಗುತ್ತದೆ.

ನಾಲ್ಕನೆಯದು ಖರ್ಚು. ಖಾಸಗಿ ಲಸಿಕೆಗಳ ಬೆಲೆ ಒಂದು ಡೋಸಿಗೆ ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರ ರೂಪಾಯಿಗಳವರೆಗೆ ಇರುತ್ತದೆ. ಎರಡು ಡೋಸುಗಳ ಲಸಿಕೆಯಲ್ಲಿ ಒಂದನ್ನಷ್ಟೇ ಹಾಕಿಸಿ ನಿಲ್ಲಿಸಿದರೆ ರಕ್ಷಣೆ ಅಪೂರ್ಣವಾಗಬಹುದು. ಆದ್ದರಿಂದ ಆರಂಭಿಸುವ ಮೊದಲೇ ಒಟ್ಟು ಖರ್ಚನ್ನು ಕೇಳಿ ತಿಳಿಯುವುದು ಸೂಕ್ತ. ಒಂದೇ ಐಚ್ಛಿಕ ಲಸಿಕೆಗೆ ಹಣವಿರುವ ಕುಟುಂಬದಲ್ಲಿ ಟೈಫಾಯ್ಡ್ ಲಸಿಕೆಗೆ ಆದ್ಯತೆ ನೀಡುವುದಕ್ಕೆ ಬಲವಾದ ಕಾರಣಗಳಿವೆ. ರೋಗ ನಾಡಿನಲ್ಲಿ ಸಾಮಾನ್ಯವಾಗಿದೆ, ಔಷಧಗಳಿಗೆ ಅದು ಬಗ್ಗದಂತಾಗುತ್ತಿದೆ, ಲಸಿಕೆ ಒಂದೇ ಡೋಸಿನಲ್ಲಿ ಮುಗಿಯುತ್ತದೆ.

ಉಚಿತ ಲಸಿಕೆಗೆ ಬದಲಾಗಿ ಖಾಸಗಿ ಲಸಿಕೆ

ಐಚ್ಛಿಕ ಲಸಿಕೆಗಳಿಗಿಂತ ಹೆಚ್ಚು ಗೊಂದಲಕ್ಕೆ ಕಾರಣವಾಗಿರುವುದು 'ನೋವಿಲ್ಲದ ಚುಚ್ಚುಮದ್ದು' ಎಂದು ರೂಢಿಯಲ್ಲಿ ಕರೆಯಲಾಗುವ ಖಾಸಗಿ ಲಸಿಕೆ. ಸರ್ಕಾರಿ ಪೆಂಟಾವಲೆಂಟ್‌ನಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಇಡೀ ಕೋಶವನ್ನು ಕೊಂದು ಬಳಸಲಾಗುತ್ತದೆ. ದುಬಾರಿಯಾದ ಖಾಸಗಿ ಲಸಿಕೆಯಲ್ಲಿ ಕೋಶದ ಆಯ್ದ ಭಾಗಗಳನ್ನು ಮಾತ್ರ ಬಳಸುತ್ತಾರೆ. ಎರಡನೆಯದರಲ್ಲಿ ಜ್ವರ, ಊತ ಮತ್ತು ಅಳು ಕಡಿಮೆ. ಸೂಜಿಯ ನೋವು ಎರಡರಲ್ಲಿಯೂ ಇದ್ದೇ ಇರುತ್ತದೆ. ರಕ್ಷಣೆಯ ವಿಷಯದಲ್ಲಿ ಇಡೀ ಕೋಶದ ಲಸಿಕೆಯಿಂದ ದೊರೆಯುವ ಪ್ರತಿರೋಧವು ಹೆಚ್ಚು ಕಾಲ ಉಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ. ಮೊದಲ ಮೂರು ಡೋಸುಗಳಿಗೆ ಇಡೀ ಕೋಶದ ಲಸಿಕೆಯೇ ಮೇಲೆಂದು ಅಕಾಡೆಮಿಯೂ ಅಭಿಪ್ರಾಯಪಟ್ಟಿದೆ. ಆದ್ದರಿಂದ ಅಂಗನವಾಡಿಯಲ್ಲಿ ಉಚಿತ ಚುಚ್ಚುಮದ್ದು ಹಾಕಿಸಿದ ಬಡ ತಾಯಿಯು ತನ್ನ ಮಗುವಿಗೆ ಕಡಿಮೆ ದರ್ಜೆಯ ಲಸಿಕೆ ಸಿಕ್ಕಿತೆಂದು ಕೊರಗಬೇಕಾದ ಕಾರಣವಿಲ್ಲ.

ಕಲ್ಯ ಮತ್ತು ಮಾಗಡಿ ಸೀಮೆಯಲ್ಲಿ

ಕಲ್ಯವು ಮಾಗಡಿ ತಾಲ್ಲೂಕಿನ ಗ್ರಾಮ. ಜೈನರು ಮತ್ತು ಶ್ರೀವೈಷ್ಣವರ ನಡುವಿನ ವಿವಾದವನ್ನು ಬಗೆಹರಿಸಿದ ವಿಜಯನಗರದ ಬುಕ್ಕರಾಯನ 1368ರ ಶಾಸನದಿಂದ ಇದು ಪ್ರಸಿದ್ಧವಾಗಿದೆ. ಮಾಗಡಿ, ರಾಮನಗರ, ಚನ್ನಪಟ್ಟಣ ಮತ್ತು ಕನಕಪುರ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು.

ಈ ಸೀಮೆಯ ಗ್ರಾಮಗಳಲ್ಲಿ ಲಸಿಕೆಯ ವ್ಯವಸ್ಥೆಗೆ ಎರಡು ಮುಖಗಳಿವೆ. ಆಶಾ ಕಾರ್ಯಕರ್ತೆಯು ಮನೆಮನೆಗೆ ಬಂದು ದಿನವನ್ನು ತಿಳಿಸುತ್ತಾಳೆ. ನಿಗದಿತ ದಿನ, ಸಾಮಾನ್ಯವಾಗಿ ಗುರುವಾರ, ಆರೋಗ್ಯ ಸಹಾಯಕಿಯು ಅಂಗನವಾಡಿ ಅಥವಾ ಉಪಕೇಂದ್ರದಲ್ಲಿ ಉಚಿತ ಲಸಿಕೆಗಳನ್ನು ಹಾಕಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾಳೆ. ಐಚ್ಛಿಕ ಲಸಿಕೆ ಬೇಕಾದವರು ಮಾಗಡಿ, ರಾಮನಗರ ಅಥವಾ ಬೆಂಗಳೂರಿನ ಖಾಸಗಿ ಶಿಶುವೈದ್ಯರಲ್ಲಿಗೆ ಹೋಗಬೇಕು. ಲಸಿಕೆಯ ಬೆಲೆಯೊಂದಿಗೆ ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿಯೂ ಲೆಕ್ಕಕ್ಕೆ ಸೇರುತ್ತದೆ.

ಮೊದಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬಂದು, ಬಾಣಂತನ ಮುಗಿಸಿ ಕೆಲವು ತಿಂಗಳ ನಂತರ ಗಂಡನ ಮನೆಗೆ ಮರಳುವುದು ಹಳೇ ಮೈಸೂರು ಭಾಗದ ರೂಢಿ. ಹೀಗಾಗಿ 6, 10 ಮತ್ತು 14ನೇ ವಾರದ ಡೋಸುಗಳು ಒಂದು ಊರಿನಲ್ಲಿಯೂ 9ನೇ ತಿಂಗಳಿನವು ಇನ್ನೊಂದು ಊರಿನಲ್ಲಿಯೂ ಬರುತ್ತವೆ. ಕಾರ್ಡು ತವರಿನಲ್ಲಿಯೇ ಉಳಿದರೆ ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಎಂಬುದು ತಿಳಿಯದೆ ಡೋಸುಗಳು ತಪ್ಪುವ ಸಂಭವವಿದೆ. ದಾಖಲೆಯನ್ನು ಯು-ವಿನ್ ಎಂಬ ರಾಷ್ಟ್ರೀಯ ಜಾಲವ್ಯವಸ್ಥೆಯಲ್ಲಿ ಸೇರಿಸುವುದರಿಂದ ಯಾವ ಊರಿನಲ್ಲಾದರೂ ಮುಂದಿನ ಡೋಸು ಪಡೆಯುವುದು ಸುಲಭವಾಗುತ್ತದೆ. ಖಾಸಗಿಯಾಗಿ ಹಾಕಿಸಿದ ಲಸಿಕೆಯ ಹೆಸರು ಮತ್ತು ದಿನಾಂಕವನ್ನೂ ಅದೇ ತಾಯಿ ಕಾರ್ಡಿನಲ್ಲಿ ಬರೆಸುವುದು ಒಳ್ಳೆಯ ಕ್ರಮ.

ಬಾಣಂತಿಯ ಆರೈಕೆ ಮಾಡುವ ಅಜ್ಜಿಯರ ಮಾತಿಗೆ ಮನೆಯಲ್ಲಿ ಹೆಚ್ಚಿನ ತೂಕವಿರುತ್ತದೆ. ಚುಚ್ಚುಮದ್ದಿನ ಮರುದಿನ ಮಗುವಿಗೆ ಜ್ವರ ಬಂದರೆ 'ಆಡುತ್ತಿದ್ದ ಮಗುವನ್ನು ಮಲಗಿಸಿದರು' ಎಂದು ಅವರು ಮುಂದಿನ ಡೋಸನ್ನು ತಡೆಯುವುದುಂಟು. ಇದರಿಂದ ಆಶಾ ಕಾರ್ಯಕರ್ತೆಯರು ತಾಯಿಯೊಂದಿಗೆ ಅಜ್ಜಿಗೂ ವಿಷಯವನ್ನು ಮೊದಲೇ ವಿವರಿಸಿ ಹೇಳುವುದು ಪರಿಣಾಮಕಾರಿಯಾಗುತ್ತದೆ.

ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಬೈರಮಂಗಲ ಕೆರೆಯ ಮೂಲಕ ಹರಿದು ಅರ್ಕಾವತಿಯನ್ನು ಸೇರುವುದು ಇದೇ ಜಿಲ್ಲೆಯಲ್ಲಿ. ನೀರಿನಿಂದ ಹರಡುವ ರೋಗಗಳ ದೃಷ್ಟಿಯಿಂದ ನದಿಬಯಲಿನ ಕುಟುಂಬವೂ ಮಾಗಡಿಯ ಗುಡ್ಡಸೀಮೆಯಲ್ಲಿ ಕೊಳವೆಬಾವಿಯ ನೀರನ್ನು ಬಳಸುವ ಕುಟುಂಬವೂ ಒಂದೇ ಸ್ಥಿತಿಯಲ್ಲಿರಬೇಕೆಂದಿಲ್ಲ. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಇಬ್ಬರೂ ದುಡಿಯುವ ದಂಪತಿಗಳ ಮಗು ಶಿಶುವಿಹಾರದಲ್ಲಿ ಬೆಳೆದರೆ ಇನ್‌ಫ್ಲುಯೆಂಜಾ, ಸೀತಾಳ ಸಿಡುಬುಗಳಿಗೆ ಬೇಗ ಒಡ್ಡಿಕೊಳ್ಳುತ್ತದೆ. ಕಲ್ಯದಂಥ ಗ್ರಾಮದಲ್ಲಿ ಅಜ್ಜಿಯ ಮಡಿಲಲ್ಲಿ ಬೆಳೆಯುವ ಮಗುವಿಗೆ ಆ ಸಂಭವ ಮೊದಲ ವರ್ಷದಲ್ಲಿ ಕಡಿಮೆ. ನೀರನ್ನು ಕುದಿಸಿ ಆರಿಸಿ ಕುಡಿಸುವುದು, ಕೈ ತೊಳೆಯುವುದು ಮತ್ತು ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡುವುದು ಲಸಿಕೆ ಹಾಕಿಸಿದ ಮಗುವಿಗೂ ಅಗತ್ಯವಾದ ರಕ್ಷಣೆಗಳು.

ಸುರಕ್ಷತೆ

ಲಸಿಕೆಯ ನಂತರ ಒಂದೆರಡು ದಿನ ಜ್ವರ, ಚುಚ್ಚಿದ ಜಾಗದಲ್ಲಿ ಊತ, ನೋವು ಮತ್ತು ಕಿರಿಕಿರಿ ಸಾಮಾನ್ಯ. ತೀವ್ರ ಅಲರ್ಜಿ ಬಹು ವಿರಳ. ಅದನ್ನು ಗಮನಿಸಲೆಂದೇ ಅರ್ಧ ಗಂಟೆ ಲಸಿಕಾ ಕೇಂದ್ರದಲ್ಲಿಯೇ ಇರುವಂತೆ ಸೂಚಿಸಲಾಗುತ್ತದೆ. ಸಣ್ಣ ನೆಗಡಿ, ಕೆಮ್ಮು ಲಸಿಕೆಯನ್ನು ಮುಂದೂಡಲು ಕಾರಣವಲ್ಲ. ಹಿಂದಿನ ಡೋಸಿಗೆ ತೀವ್ರ ಅಲರ್ಜಿಯಾಗಿದ್ದರೆ, ಅಥವಾ ರೋಗನಿರೋಧಕ ಶಕ್ತಿಯಲ್ಲಿ ಗಂಭೀರ ಕೊರತೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಅಂತಹ ಕೊರತೆಯುಳ್ಳ ಮಕ್ಕಳಿಗೆ ಸೀತಾಳ ಸಿಡುಬು, ಎಂಎಂಆರ್ ಮೊದಲಾದ ಜೀವಂತ ಲಸಿಕೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಈ ಎರಡು ಜೀವಂತ ಲಸಿಕೆಗಳನ್ನು ಒಂದೇ ದಿನ ಕೊಡಬಹುದು, ಇಲ್ಲವಾದರೆ ನಡುವೆ ನಾಲ್ಕು ವಾರಗಳ ಅಂತರವಿರಬೇಕು. ಡೋಸು ತಪ್ಪಿದರೆ ಮೊದಲಿನಿಂದ ಆರಂಭಿಸದೆ ನಿಂತಲ್ಲಿಂದ ಮುಂದುವರಿಸಿದರೆ ಸಾಕು.

ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಅಂಗಡಿಯಿಂದ ಕೊಂಡು ಕೈಚೀಲದಲ್ಲಿ ಗಂಟೆಗಟ್ಟಲೆ ಒಯ್ದ ಲಸಿಕೆಯು ಶಕ್ತಿ ಕಳೆದುಕೊಂಡಿರಬಹುದು. ವಿದ್ಯುತ್ ಹೋದಾಗಲೂ ಶೀತವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಚಿಕಿತ್ಸಾಲಯದಲ್ಲಿದೆಯೇ ಎಂದು ಕೇಳುವುದು, ಸೀಸೆಯ ಮೇಲಿನ ಅವಧಿಯ ದಿನಾಂಕವನ್ನು ನೋಡುವುದು ಪೋಷಕರ ಹಕ್ಕು.

ಚರ್ಚೆ ಮತ್ತು ಟೀಕೆ

ಹೊಸ ಲಸಿಕೆಗಳನ್ನು ಸಾರ್ವತ್ರಿಕಗೊಳಿಸುವುದರ ಬಗ್ಗೆ ವೈದ್ಯಲೋಕದಲ್ಲಿ ಭಿನ್ನಾಭಿಪ್ರಾಯಗಳೂ ಇದ್ದವು. ದೆಹಲಿಯ ಶಿಶುವೈದ್ಯ ಜೇಕಬ್ ಪುಲಿಯೇಲ್ ಮೊದಲಾದವರು ಹೆಪಟೈಟಿಸ್ ಬಿ ಮತ್ತು ಪೆಂಟಾವಲೆಂಟ್ ಲಸಿಕೆಗಳ ಅಗತ್ಯ, ವೆಚ್ಚ ಹಾಗೂ ಸುರಕ್ಷತೆಯನ್ನು ಪ್ರಶ್ನಿಸಿದರು. ಲಸಿಕೆಗಳ ಆಯ್ಕೆಯಲ್ಲಿ ತಯಾರಕರ ವ್ಯಾಪಾರಾಸಕ್ತಿ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆಂಬುದು ಇಂದಿಗೂ ಚರ್ಚೆಯ ವಿಷಯ.

ಕೆಲವರಷ್ಟೇ ಹಣ ಕೊಟ್ಟು ಲಸಿಕೆ ಪಡೆಯುವುದರ ಸಾಮಾಜಿಕ ಪರಿಣಾಮವೂ ಗಮನಾರ್ಹ. ಸಮುದಾಯದ ಅರ್ಧದಷ್ಟು ಮಕ್ಕಳಿಗೆ ಮಾತ್ರ ಸೀತಾಳ ಸಿಡುಬಿನ ಲಸಿಕೆಯಾದರೆ ರೋಗದ ಸಂಚಾರ ತಗ್ಗಿ, ಲಸಿಕೆ ಪಡೆಯದ ಮಕ್ಕಳು ಬಾಲ್ಯದಲ್ಲಿ ಸೋಂಕಿನಿಂದ ತಪ್ಪಿಸಿಕೊಂಡು, ಅದು ಹೆಚ್ಚು ಅಪಾಯಕಾರಿಯಾದ ದೊಡ್ಡ ವಯಸ್ಸಿನಲ್ಲಿ ಅದಕ್ಕೆ ಗುರಿಯಾಗಬಹುದು. ಈ ಕಾರಣದಿಂದ, ಶೇ. 80ರಷ್ಟು ಮಕ್ಕಳನ್ನು ತಲುಪಲು ಸಾಧ್ಯವಿದ್ದರೆ ಮಾತ್ರ ಇದನ್ನು ಸಾರ್ವಜನಿಕ ಕಾರ್ಯಕ್ರಮಕ್ಕೆ ಸೇರಿಸುವಂತೆ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ರುಬೆಲ್ಲಾ ಲಸಿಕೆಯನ್ನು ಶಿಶುಗಳಿಗೆ ಮಾತ್ರ ಆರಂಭಿಸದೆ 15 ವರ್ಷದವರೆಗಿನ ಎಲ್ಲರಿಗೂ ಅಭಿಯಾನದ ರೂಪದಲ್ಲಿ ಹಾಕಿದ್ದರ ಹಿಂದೆಯೂ ಇಂಥದೇ ತರ್ಕವಿತ್ತು.

2017ರ ದಡಾರ-ರುಬೆಲ್ಲಾ ಅಭಿಯಾನದ ವೇಳೆ ಮೊಬೈಲ್ ಸಂದೇಶಗಳ ಮೂಲಕ ಹರಡಿದ ವದಂತಿಗಳಿಂದ ಕರ್ನಾಟಕ ಮತ್ತು ತಮಿಳುನಾಡಿನ ಕೆಲವೆಡೆ ಪೋಷಕರು ಹಿಂಜರಿದರು. ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆಂಬ ನಂಬಿಕೆಯ ಮೂಲವು ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಪತ್ರಿಕೆಯು 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಬಳಿಕ ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಅಂತಹ ಸಂಬಂಧ ಕಂಡುಬಂದಿಲ್ಲ.

ಐಚ್ಛಿಕ ಲಸಿಕೆಗೆ ಹಣ ಹೊಂದಿಸಲಾಗದ ಕುಟುಂಬಗಳಲ್ಲಿ ಮಗುವಿಗೆ ಅನ್ಯಾಯವಾಯಿತೆಂಬ ಅಳುಕು ಉಳಿಯುವುದುಂಟು. ಶಿಶುವಿನ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವ ರೋಗಗಳಲ್ಲಿ ಲಸಿಕೆಯಿಂದ ತಡೆಯಬಹುದಾದ ಬಹುತೇಕ ರೋಗಗಳಿಗೆ ಉಚಿತ ಪಟ್ಟಿಯಲ್ಲಿಯೇ ರಕ್ಷಣೆಯಿದೆ. ಆ ಪಟ್ಟಿಯ ಲಸಿಕೆಗಳನ್ನು ಸಕಾಲದಲ್ಲಿ ಪೂರೈಸುವುದು ಮೊದಲ ಹೆಜ್ಜೆ. ಖಾಸಗಿ ಲಸಿಕೆಗೆ ಹಣ ಕೂಡಿಸುವ ಸಲುವಾಗಿ ಉಚಿತ ಡೋಸನ್ನು ಮುಂದೂಡುವುದು ಯಾವ ವೇಳಾಪಟ್ಟಿಯೂ ಒಪ್ಪದ ಕ್ರಮ.